‘ಹಳೇ ಜೀಪಿಗೆ ಖರ್ಚೇ ಇಲ್ಲ’ ಎನ್ನುವ ಫಾರ್ವರ್ಡ್: ನಿಜ ಎಷ್ಟು, ಲೆಕ್ಕ ಎಷ್ಟು?

ಕಳೆದ ಮಳೆಗಾಲಕ್ಕೆ ಸ್ವಲ್ಪ ಮುಂಚೆ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಒಂದು ಫಾರ್ವರ್ಡ್ ಬಂತು. ಕೆಸರಿನ ಗುಡ್ಡ ಹತ್ತುತ್ತಿರುವ ಹಳೆಯ ಜೀಪಿನ ಫೋಟೊ. ಅದರ ಕೆಳಗೆ ಹೀಗಿತ್ತು: "ಹೊಸ ಗಾಡಿಗೆ 15 ಲಕ್ಷ ಯಾಕೆ ಸುರೀತೀರಿ? 3 ಲಕ್ಷಕ್ಕೆ ಹಳೇ ಜೀಪು ತಗೊಳ್ಳಿ. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ, ಖರ್ಚೂ ಇಲ್ಲ. ಒಂದು ಸ್ಪ್ಯಾನರ್ ಸೆಟ್ ಇದ್ರೆ ಇನ್ನೂ 30 ವರ್ಷ ಓಡುತ್ತೆ. ಎಲ್ಲರಿಗೂ ತಲುಪಿಸಿ."

ಹತ್ತು ನಿಮಿಷಕ್ಕೆ ಚಿಕ್ಕಮ್ಮನ ಮಗ ನನಗೆ ಬೇರೆಯಾಗಿ ಮೆಸೇಜ್ ಮಾಡಿದ. "ಅಕ್ಕಾ, ಇಲ್ಲೇ ಪಕ್ಕದ ಊರಲ್ಲಿ ಒಂದು ಜೀಪಿದೆ. 3 ಲಕ್ಷಕ್ಕೆ ಕೊಡ್ತಾರಂತೆ. ಅಡ್ವಾನ್ಸ್ ಕೊಡ್ಲಾ?"

ಅವನದು ಕೊಪ್ಪದ ಕಡೆ ಸಣ್ಣ ಅಡಿಕೆ ತೋಟ. ಡಾಂಬರು ರಸ್ತೆಯಿಂದ ಮನೆಗೆ ಮೂರು ಕಿಲೋಮೀಟರ್ ಮಣ್ಣಿನ ದಾರಿ. ಜೂನ್ ಬಂತೆಂದರೆ ಆಟೊ ಆ ಕಡೆ ತಲೆ ಹಾಕುವುದಿಲ್ಲ. ಮನೆಯಲ್ಲಿ 80 ದಾಟಿದ ಅಜ್ಜಿ ಇದ್ದಾರೆ. ಕೈಯಲ್ಲಿರುವ ಉಳಿತಾಯ ಮೂರೂವರೆ ಲಕ್ಷ. ಅಂದರೆ ಅವನಿಗೆ ಜೀಪು ಶೋಕಿ ಅಲ್ಲ, ಅಗತ್ಯ. ಅದಕ್ಕೇ ಈ ಫಾರ್ವರ್ಡನ್ನು ಸುಮ್ಮನೆ ನಕ್ಕು ಬಿಟ್ಟುಬಿಡಲು ಆಗಲಿಲ್ಲ. ಅದರಲ್ಲಿ ಯಾವುದು ನಿಜ, ಯಾವುದು ಅರ್ಧ ನಿಜ ಎಂದು ಒಂದೊಂದಾಗಿ ನೋಡೋಣ.

ಜನ ಯಾಕೆ ನಂಬುತ್ತಾರೆ?

ಮೊದಲು ಒಂದು ಮಾತು ಒಪ್ಪಿಕೊಳ್ಳಬೇಕು. ಜೀಪಿನ ಹೆಸರು ಸುಮ್ಮನೆ ಬಂದದ್ದಲ್ಲ. ಎರಡನೇ ಮಹಾಯುದ್ಧದ ಸಮಯದಲ್ಲಿ ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ಯುದ್ಧಭೂಮಿಯಲ್ಲೇ ಬಿಚ್ಚಿ ರಿಪೇರಿ ಮಾಡಲು ಆಗಬೇಕು ಎನ್ನುವುದು ಅದರ ವಿನ್ಯಾಸದ ಉದ್ದೇಶಗಳಲ್ಲಿ ಒಂದು. 1945ರಲ್ಲಿ ಶುರುವಾದ ಮಹೀಂದ್ರ ಸಂಸ್ಥೆ ಅದೇ ದಶಕದ ಕೊನೆಯ ಹೊತ್ತಿಗೆ ಮುಂಬೈಯಲ್ಲಿ ವಿಲ್ಲೀಸ್ ಜೀಪು ಜೋಡಿಸತೊಡಗಿತು. ಆಮೇಲೆ ಡೀಸೆಲ್ ಎಂಜಿನ್ನಿನ ಎಂಎಂ 540ರಂಥ ಮಾದರಿಗಳು ಬಂದವು. 1985ರ ಕೊನೆಯಲ್ಲಿ ಮಾರುತಿಯ ಜಿಪ್ಸಿ ಬಂತು, ಮೂರು ದಶಕಕ್ಕೂ ಹೆಚ್ಚು ಕಾಲ ತಯಾರಾಯಿತು. ಮಲೆನಾಡು, ಕೊಡಗಿನ ಎಸ್ಟೇಟುಗಳಲ್ಲಿ ಇವುಗಳದ್ದೇ ರಾಜ್ಯಭಾರ. ಗೊಬ್ಬರ, ಅಡಿಕೆ ಮೂಟೆ, ಶಾಲೆ ಮಕ್ಕಳು, ಮದುವೆ ದಿಬ್ಬಣ, ಎಲ್ಲವನ್ನೂ ಹೊತ್ತ ಗಾಡಿಗಳಿವು. ನೆನಪಿನಲ್ಲಿ ಇಷ್ಟೊಂದು ಒಳ್ಳೆಯ ಹೆಸರಿದ್ದಾಗ ಫಾರ್ವರ್ಡ್ ನಂಬಲು ಕಷ್ಟವೇನಿಲ್ಲ.

ಅಗ್ಗದ ಜೀಪಿನ ಕಥೆಯೂ ಹೊಸದಲ್ಲ. ಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ "ಪೆಟ್ಟಿಗೆಯಲ್ಲಿ ಪ್ಯಾಕ್ ಮಾಡಿದ ಹೊಸ ಜೀಪು 50 ಡಾಲರ್‌ಗೆ ಸಿಗುತ್ತೆ" ಎಂಬ ಸುದ್ದಿ ಹಬ್ಬಿತ್ತು. ಪತ್ರಿಕೆಗಳಲ್ಲಿ ಬರುತ್ತಿದ್ದ ಜಾಹೀರಾತು ನೋಡಿ ಹಣ ಕಳಿಸಿದವರಿಗೆ ಸಿಗುತ್ತಿದ್ದದ್ದು ಜೀಪಲ್ಲ, ಸರ್ಕಾರದ ಹೆಚ್ಚುವರಿ ಸಾಮಾನು ಕೊಳ್ಳುವುದು ಹೇಗೆ ಎಂಬ ಪುಸ್ತಿಕೆ. ಆ ಜೀಪು ತಯಾರಾಗುವಾಗ ಸರ್ಕಾರವೇ ಒಂದಕ್ಕೆ 700 ಡಾಲರ್‌ಗೂ ಹೆಚ್ಚು ಕೊಟ್ಟಿತ್ತು. ಆಗ ವಾಟ್ಸಾಪ್ ಇರಲಿಲ್ಲ ಅಷ್ಟೇ, ಫಾರ್ವರ್ಡ್ ಇತ್ತು.

‘ಹಳೇ ಕಾಲದ್ದು ಗಟ್ಟಿ, ಕೆಡೋದೇ ಇಲ್ಲ’

ನಿಮ್ಮ ಊರಿನಲ್ಲಿ 35 ವರ್ಷದ ಒಂದು ಜೀಪು ಇನ್ನೂ ಓಡಾಡುತ್ತಿರಬಹುದು. ಅದನ್ನು ನೋಡಿ "ಆಗಿನ ಗಾಡಿ ಎಲ್ಲಾ ಹೀಗೇ ಗಟ್ಟಿ" ಎನ್ನುತ್ತೇವೆ. ಆದರೆ ಅದೇ ವರ್ಷ ಮಾರಾಟವಾದ ಉಳಿದ ಜೀಪುಗಳು ಎಲ್ಲಿ ಹೋದವು? ತುಕ್ಕು ಹಿಡಿದು, ಆಕ್ಸಿಡೆಂಟ್ ಆಗಿ, ರಿಪೇರಿಗೆ ದುಡ್ಡು ಸಾಲದೆ ಗುಜರಿಗೆ ಹೋದವು. ಅವು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಕಣ್ಣಿಗೆ ಬೀಳುವುದು ಉಳಿದದ್ದು ಮಾತ್ರ. ಉಳಿದದ್ದನ್ನಷ್ಟೇ ನೋಡಿ ಎಲ್ಲದರ ಬಗ್ಗೆ ತೀರ್ಮಾನಿಸುವ ಈ ತಪ್ಪು ಸಂಶೋಧನೆಗಳಲ್ಲೂ ಆಗುತ್ತದೆ. "ನಮ್ಮಜ್ಜ ಬೀಡಿ ಸೇದ್ತಾ 95 ವರ್ಷ ಬದುಕಿದ್ರು" ಎನ್ನುವುದೂ ಇದೇ ಜಾತಿಯ ಮಾತು.

ಇನ್ನೊಂದು ವಿಷಯ. ಉಳಿದ ಆ ಜೀಪಿನ ಯಜಮಾನರನ್ನು ಒಮ್ಮೆ ಮಾತಾಡಿಸಿ. ಎಂಜಿನ್ ಒಂದೆರಡು ಸಲ ಬಿಚ್ಚಿಸಿರುತ್ತಾರೆ, ಗೇರ್ ಬಾಕ್ಸ್ ಬದಲಾಗಿರುತ್ತದೆ, ನೆಲದ ತಗಡು ಹೊಸದಾಗಿ ಹಾಕಿಸಿರುತ್ತಾರೆ, ಟಾಪು ಎಷ್ಟನೆಯದೋ ಅವರಿಗೇ ನೆನಪಿರುವುದಿಲ್ಲ. ಜೀಪು 35 ವರ್ಷ ಉಳಿಯಿತು ಎನ್ನುವುದಕ್ಕಿಂತ ಅವರು 35 ವರ್ಷ ಉಳಿಸಿಕೊಂಡರು ಎನ್ನುವುದು ಸರಿ. ಆ ಖರ್ಚು ಸಣ್ಣಸಣ್ಣದಾಗಿ ಆಗಿರುವುದರಿಂದ ಯಾರೂ ಕೂಡಿ ನೋಡಿರುವುದಿಲ್ಲ.

‘ಯಾವ ಮೆಕ್ಯಾನಿಕ್ ಬೇಕಾದರೂ ರಿಪೇರಿ ಮಾಡ್ತಾನೆ’

ಇದು ಅರ್ಧ ನಿಜ. ಹಳೆಯ ಡೀಸೆಲ್ ಜೀಪಿನಲ್ಲಿ ಇಂಧನ ಹೋಗುವುದು ಯಾಂತ್ರಿಕ ಪಂಪಿನಿಂದ. ಮೊದಲ ಜಿಪ್ಸಿಗಳಲ್ಲಿ ಕಾರ್ಬುರೇಟರ್ ಇತ್ತು. ಕಂಪ್ಯೂಟರ್ ಹಚ್ಚಿ ನೋಡುವ ಅಗತ್ಯವಿಲ್ಲ. ಅನುಭವ ಇರುವ ಮೆಕ್ಯಾನಿಕ್ ಶಬ್ದ ಕೇಳಿಯೇ ತೊಂದರೆ ಎಲ್ಲಿದೆ ಎಂದು ಹೇಳಬಲ್ಲರು. ಕಾಡಿನ ನಡುವೆ ಗಾಡಿ ನಿಂತರೆ ಹೇಗಾದರೂ ಮಾಡಿ ಮನೆ ಮುಟ್ಟಿಸಬಹುದು. ಇದು ದೊಡ್ಡ ಅನುಕೂಲ, ಅನುಮಾನವೇ ಇಲ್ಲ.

ಆದರೆ ‘ರಿಪೇರಿ ಸುಲಭ’ ಎನ್ನುವುದೂ ‘ರಿಪೇರಿ ಕಡಿಮೆ’ ಎನ್ನುವುದೂ ಒಂದೇ ಅಲ್ಲ. ಒಂದು ರಿಪೇರಿಗೆ ಎರಡು ಸಾವಿರವೇ ಆಗಬಹುದು. ವರ್ಷಕ್ಕೆ ಹದಿನೈದು ಸಲ ಆದರೆ ಮೂವತ್ತು ಸಾವಿರ. ಹಳೆಯ ಗಾಡಿಯಲ್ಲಿ ರಬ್ಬರಿನ ಬುಷ್, ಆಯಿಲ್ ಸೀಲ್, ಹೋಸ್ ಪೈಪ್, ವೈರಿಂಗ್, ಬೇರಿಂಗ್ ಎಲ್ಲಕ್ಕೂ ಒಟ್ಟಿಗೇ ವಯಸ್ಸಾಗಿರುತ್ತದೆ. ಒಂದನ್ನು ಸರಿ ಮಾಡಿಸಿದರೆ ಅದರ ಪಕ್ಕದ್ದು ಕೈ ಕೊಡುತ್ತದೆ. ಇದು ಮೆಕ್ಯಾನಿಕ್ ಮಾಡಿದ ಮೋಸವೇ ಆಗಬೇಕಿಲ್ಲ. ಹೊಸ ಕ್ಲಚ್ ಹಾಕಿ ಎಂಜಿನ್ನಿನ ಎಳೆತ ಪೂರ್ತಿ ಸಿಗತೊಡಗಿದ ಮೇಲೆ, ಅದುವರೆಗೆ ಹೇಗೋ ತಡೆದುಕೊಂಡಿದ್ದ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಶಬ್ದ ಮಾಡತೊಡಗಬಹುದು.

ಬಿಡಿಭಾಗದ ಮಾತೂ ಹೀಗೆಯೇ. ತಯಾರಿಕೆ ನಿಂತ ಮಾದರಿಗಳಿಗೆ ಮಾಮೂಲಿ ಸಾಮಾನು ಸಿಗುತ್ತದೆ, ಆದರೆ ಗುಣಮಟ್ಟ ಒಂದೇ ಥರ ಇರುವುದಿಲ್ಲ. ಅಗ್ಗದ ಸೀಲ್ ಹಾಕಿದರೆ ಆರು ತಿಂಗಳಿಗೆ ಮತ್ತೆ ಸೋರಬಹುದು. ಸೀಲಿನ ಬೆಲೆ ಕಡಿಮೆ, ಅದನ್ನು ಹಾಕಲು ಬಿಚ್ಚಿ ಕಟ್ಟುವ ಕೂಲಿ ಜಾಸ್ತಿ. ಹಾಗಾಗಿ ಅಗ್ಗದ ಸಾಮಾನು ಎರಡು ಸಲ ಹಾಕಿಸಿದರೆ ಕೂಲಿಯೂ ಎರಡು ಸಲ. ಅಪರೂಪದ ಸಾಮಾನಾದರೆ ಬೆಂಗಳೂರಿನಿಂದಲೋ ಹೊರರಾಜ್ಯದಿಂದಲೋ ತರಿಸಬೇಕು. ಅಲ್ಲಿಯವರೆಗೆ ಗಾಡಿ ಗ್ಯಾರೇಜಿನಲ್ಲಿ. ಆ ದಿನಗಳಲ್ಲಿ ಬಾಡಿಗೆ ಜೀಪು ಹಿಡಿದ ದುಡ್ಡನ್ನೂ ಜೀಪಿನ ಖರ್ಚಿಗೇ ಸೇರಿಸಬೇಕು.

ಕಾಡುದಾರಿ ಕೇಳುವ ಬೆಲೆ

ಹಳೆಯ ಕಾರಿಗೂ ಹಳೆಯ ಜೀಪಿಗೂ ಖರ್ಚಿನಲ್ಲಿ ವ್ಯತ್ಯಾಸ ಬರುವುದು ಇಲ್ಲಿ. ಫೋರ್ ವೀಲ್ ಡ್ರೈವ್ ಗಾಡಿಯಲ್ಲಿ ಸಾಮಾನು ಜಾಸ್ತಿ. ಹಿಂದಿನಂತೆ ಮುಂದೆಯೂ ಒಂದು ಡಿಫರೆನ್ಷಿಯಲ್, ಎರಡು ಪ್ರೊಪೆಲ್ಲರ್ ಶಾಫ್ಟ್, ಅವೆರಡಕ್ಕೂ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್. ತಿರುಗುವ ಭಾಗ ಹೆಚ್ಚಾದಷ್ಟೂ ಸವೆಯುವ ಭಾಗವೂ ಹೆಚ್ಚು. ಸವೆತ ಹೇಗಾಗುತ್ತದೆ ಎಂದು ತಿಳಿದುಕೊಂಡರೆ ಅರ್ಧ ಖರ್ಚು ತಪ್ಪಿಸಬಹುದು. ಮೂರು ಉದಾಹರಣೆ ನೋಡೋಣ.

ಮೊದಲನೆಯದು ನೀರು. ಹಳ್ಳ ದಾಟುವ ಹೊತ್ತಿಗೆ ಡಿಫರೆನ್ಷಿಯಲ್ ಹೌಸಿಂಗ್ ಬಿಸಿಯಾಗಿರುತ್ತದೆ. ತಣ್ಣನೆಯ ನೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗುತ್ತದೆ. ಕುಗ್ಗಿದ ಗಾಳಿ ಹೊರಗಿನದನ್ನು ಒಳಕ್ಕೆ ಎಳೆಯುತ್ತದೆ. ಸೀಲ್ ಹಳತಾಗಿದ್ದರೆ, ಗಾಳಿ ಹೋಗಲು ಬಿಟ್ಟ ಸಣ್ಣ ರಂಧ್ರ ನೀರಿನ ಮಟ್ಟದ ಕೆಳಗಿದ್ದರೆ, ಒಳಗೆ ಹೋಗುವುದು ನೀರು. ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದೇ ಅರ್ಥ. ಆಗಲೇ ಆಯಿಲ್ ಬದಲಿಸಿದರೆ ಸಣ್ಣ ಖರ್ಚು. ಬಿಟ್ಟರೆ ಬೇರಿಂಗ್, ಗೇರುಗಳು ಹೋಗಿ ಅದರ ಹತ್ತಾರು ಪಟ್ಟು ಖರ್ಚು.

ಎರಡನೆಯದು ಡಾಂಬರು ರಸ್ತೆಯಲ್ಲಿ ಫೋರ್ ವೀಲ್. "ನಾಲ್ಕೂ ಚಕ್ರ ಎಳೆದರೆ ಹಿಡಿತ ಜಾಸ್ತಿ, ಘಾಟಿಯಲ್ಲಿ ಹಾಕ್ಕೊಂಡೇ ಹೋಗಿ" ಎನ್ನುವ ಸಲಹೆಯೂ ಫಾರ್ವರ್ಡ್‌ಗಳಲ್ಲಿ ಇರುತ್ತದೆ. ಹಳೆಯ ಜೀಪು, ಜಿಪ್ಸಿಗಳಲ್ಲಿ ಇದು ತಪ್ಪು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕು. ಆದರೆ ಇವುಗಳಲ್ಲಿ ಫೋರ್ ವೀಲ್ ಹಾಕಿದರೆ ಮುಂದಿನ, ಹಿಂದಿನ ಶಾಫ್ಟುಗಳು ಒಂದೇ ವೇಗಕ್ಕೆ ಬಿಗಿದುಕೊಳ್ಳುತ್ತವೆ. ಕೆಸರಿನಲ್ಲಿ ಟೈರು ಜಾರಿ ಆ ವ್ಯತ್ಯಾಸವನ್ನು ಸರಿದೂಗಿಸುತ್ತದೆ. ಒಣ ಡಾಂಬರಿನಲ್ಲಿ ಟೈರು ಜಾರುವುದಿಲ್ಲ, ಹಾಗಾಗಿ ಒತ್ತಡವೆಲ್ಲ ಶಾಫ್ಟು, ಗೇರುಗಳ ಮೇಲೆ ಬೀಳುತ್ತದೆ. ನಾಲ್ಕು ಟೈರು ಬೇರೆ ಬೇರೆ ಅಳತೆಯವಾಗಿದ್ದರೂ ಫೋರ್ ವೀಲ್ ಹಾಕಿದಾಗ ಇದೇ ಗತಿ. ಟೈರು ಒಂದೊಂದಾಗಿ ಕೊಂಡು ಉಳಿಸಿದ ದುಡ್ಡು ಟ್ರಾನ್ಸ್‌ಫರ್ ಕೇಸಿಗೆ ಹೋಗುತ್ತದೆ.

ಮೂರನೆಯದು ತುಕ್ಕು. ಕಬ್ಬಿಣ, ನೀರು, ಗಾಳಿಯಲ್ಲಿರುವ ಆಮ್ಲಜನಕ ಸೇರಿದರೆ ತುಕ್ಕು ಖಚಿತ. ಮಲೆನಾಡಿನಲ್ಲಿ ತಿಂಗಳುಗಟ್ಟಲೆ ಗಾಡಿ ಒಣಗುವುದೇ ಇಲ್ಲ. ಚಾಸಿಯ ಸಂದಿಯಲ್ಲಿ ಕೂತ ಕೆಸರು ಒದ್ದೆ ಬಟ್ಟೆಯ ಹಾಗೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಕರಾವಳಿಯಾದರೆ ಉಪ್ಪಿನ ಗಾಳಿ ಬೇರೆ, ಅದು ತುಕ್ಕನ್ನು ಇನ್ನೂ ಬೇಗ ಹಬ್ಬಿಸುತ್ತದೆ. ಎಂಜಿನ್ ಹೋದರೆ ಬೇರೆ ಕೂರಿಸಬಹುದು. ಚಾಸಿ ತಿಂದುಹೋದರೆ ಗಾಡಿಯೇ ಹೋದಂತೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಗಾಡಿಯ ಅಡಿಭಾಗ ತೊಳೆಯುವುದು ಪುಕ್ಕಟೆ ಕೆಲಸ, ಆದರೆ ಅದರಿಂದ ಆಗುವ ಉಳಿತಾಯ ದೊಡ್ಡದು.

ಕಾಗದಪತ್ರದ ಖರ್ಚು

ಗ್ಯಾರೇಜಿನ ಖರ್ಚು ಎಲ್ಲರಿಗೂ ಗೊತ್ತು. ಜನ ಮರೆಯುವುದು ಆರ್‌ಟಿಒ ಮತ್ತು ವಿಮೆಯ ಖರ್ಚನ್ನು.

ಮೊದಲು ಒಂದು ಭಯ ನಿವಾರಣೆ. "15 ವರ್ಷ ಆದ ಗಾಡಿ ಎಲ್ಲಾ ಗುಜರಿಗೆ ಹಾಕಬೇಕು" ಎಂಬ ಫಾರ್ವರ್ಡ್ ಖಾಸಗಿ ವಾಹನಗಳ ಮಟ್ಟಿಗೆ ಸುಳ್ಳು. ದೆಹಲಿ ಸುತ್ತಮುತ್ತಲಿನ ಪ್ರದೇಶಕ್ಕೆ ನ್ಯಾಯಾಲಯದ ಆದೇಶಗಳ ಮೇಲೆ ಬಂದ ಬೇರೆ ನಿಯಮಗಳಿವೆ. ಅದನ್ನೇ ಇಡೀ ದೇಶಕ್ಕೆ ಹಬ್ಬಿಸಿದ್ದಾರೆ. ಕರ್ನಾಟಕದಲ್ಲಿ ಖಾಸಗಿ ಗಾಡಿಯ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ. ಗಾಡಿ ಪರೀಕ್ಷೆಯಲ್ಲಿ ಪಾಸಾದರೆ ಐದೈದು ವರ್ಷಕ್ಕೆ ನವೀಕರಿಸಬಹುದು.

ಆದರೆ ಶುಲ್ಕ ಏರಿದೆ. ಕಾರು, ಜೀಪಿನಂಥ ಲಘು ವಾಹನದ ಆರ್‌ಸಿ ನವೀಕರಣಕ್ಕೆ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯಿತು. 20 ವರ್ಷ ದಾಟಿದ ಗಾಡಿಗೆ 2025ರ ಆಗಸ್ಟ್‌ನ ತಿದ್ದುಪಡಿಯಲ್ಲಿ ಅದು 10,000 ಆಗಿದೆ. ತಡ ಮಾಡಿದರೆ ಪ್ರತಿ ತಿಂಗಳಿಗೆ 500 ರೂಪಾಯಿ ಹೆಚ್ಚುವರಿ ಎಂದು ನಿಯಮದಲ್ಲಿದೆ. ಇದರ ಜೊತೆ ರಾಜ್ಯದ ಹಸಿರು ತೆರಿಗೆ, ಹೊಗೆ ಪರೀಕ್ಷೆ. ಹೊರರಾಜ್ಯದ ಗಾಡಿಯಾದರೆ ಅಲ್ಲಿಂದ ಎನ್‌ಒಸಿ ತಂದು ಇಲ್ಲಿ ಆಜೀವ ತೆರಿಗೆ ಕಟ್ಟಬೇಕು. "ಪಂಜಾಬಿನಿಂದ ಅಗ್ಗಕ್ಕೆ ತರಿಸಿಕೊಡ್ತೀವಿ" ಎನ್ನುವವರು ಈ ಮಾತು ಹೇಳುವುದಿಲ್ಲ.

ವಿಮೆಗೆ ಬರೋಣ. ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಅದರ ದರ ಗಾಡಿಯ ಬೆಲೆಯ ಮೇಲಲ್ಲ, ಎಂಜಿನ್ನಿನ ಗಾತ್ರದ ಮೇಲೆ ನಿಂತಿದೆ. 2022ರ ಜೂನ್‌ನಲ್ಲಿ ನಿಗದಿಯಾದ ದರದಂತೆ 1000ದಿಂದ 1500 ಸಿಸಿವರೆಗಿನ ಖಾಸಗಿ ಗಾಡಿಗೆ ವರ್ಷಕ್ಕೆ 3,416 ರೂಪಾಯಿ, 1500 ಸಿಸಿಗಿಂತ ಮೇಲಾದರೆ 7,897 ರೂಪಾಯಿ. ಜಿಎಸ್‌ಟಿ ಬೇರೆ. 1300 ಸಿಸಿಯ ಜಿಪ್ಸಿ ಮೊದಲ ಸಾಲಿಗೆ ಬಂದರೆ, 2000 ಸಿಸಿ ದಾಟಿದ ಹಳೆಯ ಡೀಸೆಲ್ ಜೀಪು ಎರಡನೆಯದಕ್ಕೆ. ಅಂದರೆ ಜೀಪಿನ ಬೆಲೆ 3 ಲಕ್ಷವಾದರೂ 30 ಲಕ್ಷದ ಗಾಡಿಗೆ ಕಟ್ಟುವಷ್ಟೇ ಥರ್ಡ್ ಪಾರ್ಟಿ ವಿಮೆ ಕಟ್ಟಬೇಕು. ಸ್ವಂತ ಗಾಡಿಯ ನಷ್ಟಕ್ಕೂ ವಿಮೆ ಮಾಡಿಸಿದರೆ, 10 ವರ್ಷ ದಾಟಿದ ಗಾಡಿಗೆ ಲೋಹದ ಭಾಗಗಳ ಬೆಲೆಯಲ್ಲೂ ಸವಕಳಿ ಎಂದು ಅರ್ಧದಷ್ಟು ಕಳೆದು ಕೊಡುತ್ತಾರೆ. ಉಳಿದರ್ಧ ನಿಮ್ಮ ಜೇಬಿನಿಂದ.

ಇನ್ನೆರಡು ಅಪಾಯಗಳಿವೆ. ಒಂದು, ಸರ್ಕಾರಿ ಗಾಡಿಯ ಆಸೆ. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ಮುಂದುವರಿಯುವುದಿಲ್ಲ. ರಕ್ಷಣೆ, ಕಾನೂನು ಸುವ್ಯವಸ್ಥೆಗೆ ಬಳಸುವ ವಿಶೇಷ ವಾಹನಗಳಿಗೆ ಮಾತ್ರ ವಿನಾಯಿತಿ. ಹಾಗಾಗಿ ಇಲಾಖೆಯ ಹಳೇ ಜೀಪು ಅಗ್ಗಕ್ಕೆ ಕೊಡಿಸುತ್ತೇವೆ ಎಂದು ಯಾರಾದರೂ ಹೇಳಿದರೆ, ಅದು ನಿಮ್ಮ ಹೆಸರಿಗೆ ನೋಂದಣಿ ಆಗುತ್ತದೆಯೇ ಎಂದು ಆರ್‌ಟಿಒದಲ್ಲಿ ಕೇಳದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಎರಡು, ಮಾರ್ಪಾಡು. ಹರಿಯಾಣದ ಮಂಡಿ ಡಬ್ವಾಲಿಯಂಥ ಕಡೆ ಹಳೆಯ ಸಾಮಾನು ಜೋಡಿಸಿ ಹೊಸದರಂತೆ ಕಾಣುವ ಜೀಪು ಕಟ್ಟುವುದು ದೊಡ್ಡ ಉದ್ಯೋಗ. ನೋಡಲು ಚೆಂದ. ಆದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಎಂಜಿನ್ ಬದಲಾಗಿದ್ದು ಆರ್‌ಸಿಯಲ್ಲಿ ನಮೂದಾಗಿಲ್ಲ ಎಂದರೆ ನವೀಕರಣವೂ ಕಷ್ಟ, ಅಪಘಾತವಾದಾಗ ವಿಮೆಯೂ ಕಷ್ಟ.

ಐದು ವರ್ಷದ ಲೆಕ್ಕ

ಈಗ ಎಲ್ಲವನ್ನೂ ಕೂಡಿ ನೋಡೋಣ. ಇದು ಉದಾಹರಣೆಯ ಲೆಕ್ಕ. ಸರ್ಕಾರಿ ಶುಲ್ಕ ಮತ್ತು ವಿಮೆ ಬಿಟ್ಟು ಉಳಿದದ್ದೆಲ್ಲ ಅಂದಾಜು. ನಿಮ್ಮ ಊರಿನ ದರ ಹಾಕಿ ನೀವೇ ಮಾಡಿಕೊಳ್ಳಬಹುದು. 20 ವರ್ಷ ದಾಟಿದ ಡೀಸೆಲ್ ಜೀಪು, ಬೆಲೆ 3 ಲಕ್ಷ, ವರ್ಷಕ್ಕೆ 6,000 ಕಿಲೋಮೀಟರ್ ಓಡಾಟ ಎಂದಿಟ್ಟುಕೊಳ್ಳಿ.

ಥರ್ಡ್ ಪಾರ್ಟಿ ವಿಮೆ, 18% ಜಿಎಸ್‌ಟಿ ಸೇರಿ ವರ್ಷಕ್ಕೆ ಸುಮಾರು 9,300: ಐದು ವರ್ಷಕ್ಕೆ 46,500.
ಆರ್‌ಸಿ ನವೀಕರಣ ಒಮ್ಮೆ: 10,000.
ಸ್ಟೆಪ್ನಿ ಸೇರಿ ಐದು ಟೈರು, ತಲಾ 6,000ದಂತೆ: 30,000.
ಆಯಿಲ್, ಫಿಲ್ಟರ್, ಗ್ರೀಸ್, ಬ್ರೇಕ್ ಎಂದು ವರ್ಷಕ್ಕೆ 12,000: ಐದು ವರ್ಷಕ್ಕೆ 60,000.
ಕ್ಲಚ್, ಗೇರ್ ಬಾಕ್ಸ್, ಎಂಜಿನ್, ಟಿಂಕರಿಂಗ್‌ನಂಥ ದೊಡ್ಡ ಕೆಲಸಕ್ಕೆ ವರ್ಷಕ್ಕೆ 30,000 ಎತ್ತಿಟ್ಟರೆ: 1,50,000.

ಒಟ್ಟು 2,96,500. ಹೆಚ್ಚುಕಡಿಮೆ ಜೀಪು ಕೊಂಡಷ್ಟೇ ದುಡ್ಡು. ತಿಂಗಳಿಗೆ ಸುಮಾರು 5,000. ಇದರಲ್ಲಿ ಡೀಸೆಲ್ ಸೇರಿಲ್ಲ. ಲೀಟರಿಗೆ 10 ಕಿಲೋಮೀಟರ್ ಕೊಟ್ಟು, ಡೀಸೆಲ್ 90 ರೂಪಾಯಿ ಆದರೆ ವರ್ಷಕ್ಕೆ ಇನ್ನೂ 54,000. ಅಂದರೆ ತಿಂಗಳಿಗೆ ಎಲ್ಲ ಸೇರಿ 9,500ದ ಆಸುಪಾಸು.

ಹಾಗಾದರೆ ಹಳೆಯ ಜೀಪು ನಷ್ಟವೇ? ಅಲ್ಲ. ಇಲ್ಲಿ ಫಾರ್ವರ್ಡ್ ಪರವಾಗಿಯೂ ಒಂದು ಮಾತು ಹೇಳಬೇಕು. 12 ಲಕ್ಷದ ಹೊಸ ಗಾಡಿ ಐದು ವರ್ಷದಲ್ಲಿ ಅರ್ಧ ಬೆಲೆ ಕಳೆದುಕೊಂಡರೆ ಅಲ್ಲಿಗೇ 6 ಲಕ್ಷ ಹೋಯಿತು, ತಿಂಗಳಿಗೆ 10,000. ಸಾಲದ ಬಡ್ಡಿ, ಸರ್ವಿಸ್, ಡೀಸೆಲ್ ಆಮೇಲಿನ ಮಾತು. ಹಳೆಯ ಜೀಪಿನ ಬೆಲೆ ಬೀಳಬೇಕಾದಷ್ಟು ಈಗಾಗಲೇ ಬಿದ್ದಿರುತ್ತದೆ. ಚೆನ್ನಾಗಿ ಇಟ್ಟುಕೊಂಡರೆ ಮಾರುವಾಗ ಹಾಕಿದ್ದರಲ್ಲಿ ಬಹುಪಾಲು ವಾಪಸ್ ಬರಬಹುದು. ಹಾಗಾಗಿ ಒಟ್ಟು ಲೆಕ್ಕದಲ್ಲಿ ಹಳೆಯ ಜೀಪು ಹೊಸದಕ್ಕಿಂತ ಅಗ್ಗವೇ. ‘ಖರ್ಚೇ ಇಲ್ಲ’ ಎನ್ನುವುದು ಸುಳ್ಳು, ‘ಖರ್ಚು ಕಡಿಮೆ’ ಎನ್ನುವುದು ನಿಜವಾಗಬಹುದು.

ವ್ಯತ್ಯಾಸ ಇರುವುದು ಖರ್ಚು ಬರುವ ರೀತಿಯಲ್ಲಿ. ಸಾಲದ ಕಂತು ದಿನಾಂಕ ಹೇಳಿ ಬರುತ್ತದೆ. ರಿಪೇರಿ ಹೇಳದೆ ಬರುತ್ತದೆ, ಅದೂ ಒಟ್ಟಿಗೇ 60 ಸಾವಿರ ಕೇಳಿಕೊಂಡು ಜುಲೈ ತಿಂಗಳ ಮಳೆಯಲ್ಲಿ ಬರಬಹುದು. ಕೈಯಲ್ಲಿ ಮೂರೂವರೆ ಲಕ್ಷ ಇರುವವರು ಮೂರು ಲಕ್ಷ ಜೀಪಿಗೇ ಹಾಕಿದರೆ, ಆ ದಿನ ಜೀಪು ಶೆಡ್ಡಿನಲ್ಲೇ ನಿಲ್ಲುತ್ತದೆ. ಅಜ್ಜಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲೆಂದೇ ಕೊಂಡ ಗಾಡಿ ಬೇಕಾದ ದಿನ ಹೊರಡುವುದಿಲ್ಲ. ನಿಜವಾದ ನಷ್ಟ ಇದು. ಆದ್ದರಿಂದ ಜೀಪಿನ ಬೆಲೆ ಮೊದಲ ಕಂತು ಮಾತ್ರ ಎಂದು ತಿಳಿಯಬೇಕು. ಕೈಯಲ್ಲಿರುವ ದುಡ್ಡಿನ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಗಾಡಿಗೆ ಹಾಕಬಾರದು, ಉಳಿದದ್ದನ್ನು ರಿಪೇರಿಗೆಂದೇ ಎತ್ತಿಡಬೇಕು ಎನ್ನುವುದು ಈ ಲೆಕ್ಕದಿಂದ ನನಗೆ ಹೊಳೆದ ಮಾತು.

‘ಇಷ್ಟು ಹಾಕಿದ ಮೇಲೆ ಬಿಡೋದು ಹೇಗೆ?’

ಹಳೆಯ ಗಾಡಿ ಇಟ್ಟುಕೊಂಡವರು ಒಂದಲ್ಲ ಒಂದು ದಿನ ಈ ಪ್ರಶ್ನೆಗೆ ಬರುತ್ತಾರೆ. 80 ಸಾವಿರ ಹಾಕಿ ಎಂಜಿನ್ ಮಾಡಿಸಿದ್ದಾಗಿದೆ, ಈಗ ಗೇರ್ ಬಾಕ್ಸ್ 40 ಸಾವಿರ ಕೇಳುತ್ತಿದೆ. ಈಗ ಮಾರಿದರೆ ಆ 80 ಸಾವಿರ ದಂಡ ಆಗುತ್ತದಲ್ಲ ಎನಿಸುತ್ತದೆ. ಆದರೆ ಆ 80 ಸಾವಿರ ಇಟ್ಟುಕೊಂಡರೂ ವಾಪಸ್ ಬರುವುದಿಲ್ಲ, ಮಾರಿದರೂ ಬರುವುದಿಲ್ಲ. ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಇವತ್ತಿನಿಂದ ಮುಂದಿನ ಎರಡು ವರ್ಷಕ್ಕೆ ಈ ಗಾಡಿ ಎಷ್ಟು ಕೇಳುತ್ತದೆ, ಅಷ್ಟೇ ದುಡ್ಡಿಗೆ ಬೇರೆ ಏನು ಸಿಗುತ್ತದೆ? ಎಂಜಿನ್ ಹೊಸದು, ಚಾಸಿ ಗಟ್ಟಿ ಇದ್ದರೆ ಗೇರ್ ಬಾಕ್ಸ್ ಮಾಡಿಸುವುದೇ ಲಾಭ ಇರಬಹುದು. ಚಾಸಿ ತುಕ್ಕು ಹಿಡಿದಿದ್ದರೆ ಇನ್ನೊಂದು ರೂಪಾಯಿ ಹಾಕುವುದೂ ದಂಡ.

‘ತಗಡು ಗಟ್ಟಿ, ಗುದ್ದಿದ್ರೂ ಏನೂ ಆಗಲ್ಲ’

ಕೊನೆಯದಾಗಿ, ದುಡ್ಡಿನಲ್ಲಿ ಅಳೆಯಲಾಗದ ಖರ್ಚು. ಹೊಸ ಕಾರಿನ ಮುಂಭಾಗ ಸಣ್ಣ ಡಿಕ್ಕಿಗೂ ನಜ್ಜುಗುಜ್ಜಾಗುತ್ತದೆ, ಹಳೆಯ ಜೀಪಿನ ಬಂಪರ್ ಅಲುಗುವುದೂ ಇಲ್ಲ. ಹಾಗಾಗಿ ಜೀಪೇ ಸುರಕ್ಷಿತ ಎಂದುಕೊಳ್ಳುತ್ತೇವೆ. ಇದು ತಲೆಕೆಳಗಾದ ತರ್ಕ. ಗಾಡಿ ಫಕ್ಕನೆ ನಿಂತಾಗ ಆ ಶಕ್ತಿ ಎಲ್ಲಾದರೂ ಹೋಗಲೇಬೇಕು. ಹೊಸ ಗಾಡಿಯ ಮುಂಭಾಗ ಮಡಚಿಕೊಂಡು ಅದನ್ನು ನುಂಗುತ್ತದೆ, ಒಳಗಿನವರು ಉಳಿಯುತ್ತಾರೆ. ಮಡಚಿಕೊಳ್ಳದ ಗಾಡಿಯಲ್ಲಿ ಆ ಪೆಟ್ಟು ಒಳಗಿನವರ ಎದೆ, ಕುತ್ತಿಗೆಗೆ ಬೀಳುತ್ತದೆ. ಅಮೆರಿಕದಲ್ಲಿ 2009ರಲ್ಲಿ ವಿಮಾ ಕಂಪನಿಗಳ ರಸ್ತೆ ಸುರಕ್ಷತಾ ಸಂಸ್ಥೆಯೊಂದು 1959ರ ಷೆವರ್ಲೆ ಬೆಲ್ ಏರ್ ಕಾರಿಗೆ 2009ರ ಷೆವರ್ಲೆ ಮಲಿಬು ಕಾರನ್ನು ಡಿಕ್ಕಿ ಹೊಡೆಸಿ ನೋಡಿತು. ಗಟ್ಟಿ ಎಂದು ಹೆಸರಾದ ಹಳೆಯ ಕಾರಿನ ಚಾಲಕನ ಜಾಗವೇ ಕುಸಿದುಹೋಯಿತು, ಹೊಸ ಕಾರಿನಲ್ಲಿ ಆ ಜಾಗ ಉಳಿಯಿತು.

ಹಳೆಯ ಜೀಪಿನಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ, ಹಿಂದೆ ಅಡ್ಡ ಸೀಟಿನಲ್ಲಿ ಕೂತವರಿಗೆ ಸಾಮಾನ್ಯವಾಗಿ ಬೆಲ್ಟೂ ಇಲ್ಲ. ಮನೆಯಿಂದ ಪೇಟೆಗೆ 30-40 ಕಿಲೋಮೀಟರ್ ವೇಗದಲ್ಲಿ ಹೋಗಿ ಬರಲು ಅದು ಆದೀತು. ಹೈವೇಯಲ್ಲಿ ಬೆಂಗಳೂರಿಗೆ ಮನೆಮಂದಿಯನ್ನೆಲ್ಲ ತುಂಬಿಕೊಂಡು ಹೊರಡುವ ಗಾಡಿ ಅಲ್ಲ. ಎದೆಯೆತ್ತರದ ಬೆಲ್ಟ್ ಹಾಕಿಸುವುದು, ಒಳ್ಳೆಯ ಬ್ರೇಕ್, ಟೈರು ಇಟ್ಟುಕೊಳ್ಳುವುದು ಶೋಕಿಯ ಖರ್ಚಲ್ಲ.

ಅಡ್ವಾನ್ಸ್ ಕೊಡುವ ಮುನ್ನ

ತಮ್ಮನಿಗೆ ನಾನು ಕಳಿಸಿದ ಪಟ್ಟಿ ಇದು. ನಿಮಗೂ ಉಪಯೋಗಕ್ಕೆ ಬರಬಹುದು.

ಆರ್‌ಸಿ ಇನ್ನೂ ಚಾಲ್ತಿಯಲ್ಲಿದೆಯೇ ನೋಡಿ. ಚಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ ಗಾಡಿಯಲ್ಲಿ ಕೆತ್ತಿರುವುದರ ಜೊತೆ ತಾಳೆ ಹಾಕಿ. ಬಾಕಿ ದಂಡ, ಸಾಲ ಇದೆಯೇ ಕೇಳಿ.

ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ಹೋಗಿ, ನಿಮ್ಮ ಕಣ್ಣೆದುರೇ ಸ್ಟಾರ್ಟ್ ಮಾಡಿಸಿ. ಹೊಗೆಯ ಬಣ್ಣ ನೋಡಿ. ನೀಲಿ ಹೊಗೆ ನಿಲ್ಲದಿದ್ದರೆ ಎಂಜಿನ್ ಆಯಿಲ್ ಉರಿಯುತ್ತಿದೆ ಎಂದರ್ಥ, ದೊಡ್ಡ ಖರ್ಚು ಹತ್ತಿರದಲ್ಲಿದೆ.

ಗಾಡಿಯನ್ನು ಎತ್ತಿಸಿ ಚಾಸಿ ನೋಡಿ. ಸಣ್ಣ ಸುತ್ತಿಗೆಯಿಂದ ತಟ್ಟಿದಾಗ ಪುಡಿ ಉದುರಿದರೆ, ಹೊಸ ಕಪ್ಪು ಬಣ್ಣ ದಪ್ಪಗೆ ಬಳಿದಿದ್ದರೆ ಅನುಮಾನ ಪಡಿ. ಬಾಡಿಗೆ ಸಣ್ಣ ಅಯಸ್ಕಾಂತ ಹಿಡಿದು ನೋಡಿ. ಅಂಟದ ಜಾಗದಲ್ಲಿ ತಗಡಿಲ್ಲ, ಬರೀ ಪಟ್ಟಿ ಮೆತ್ತಿದ್ದಾರೆ.

ಡಿಫರೆನ್ಷಿಯಲ್ ಆಯಿಲ್ ಬಣ್ಣ ನೋಡಿ. ಕೆಸರಿನಲ್ಲಿ ಫೋರ್ ವೀಲ್ ಹಾಕಿ ಓಡಿಸಿ. ಲಿವರ್ ಬಿದ್ದರೆ ಸಾಲದು, ಮುಂದಿನ ಚಕ್ರ ನಿಜಕ್ಕೂ ಎಳೆಯಬೇಕು.

ಮಾರುವವರ ಮೆಕ್ಯಾನಿಕ್ ಬೇಡ, ನಿಮ್ಮವರನ್ನು ಕರೆದುಕೊಂಡು ಹೋಗಿ. ಅವರ ಒಂದು ದಿನದ ಕೂಲಿ ನೀವು ಮಾಡುವ ಅತ್ಯಂತ ಲಾಭದ ಖರ್ಚು.

ತಮ್ಮ ಹೋಗಿ ನೋಡಿದ. ಎಂಜಿನ್ ಚೆನ್ನಾಗಿತ್ತು, ಚಾಸಿಯೂ ಪರವಾಗಿಲ್ಲ. ಆದರೆ ಆರ್‌ಸಿ ಮುಗಿದು ಎರಡು ವರ್ಷವಾಗಿತ್ತು. "ಅದೆಲ್ಲ ಆಮೇಲೆ ಮಾಡಿಸ್ಕೋಬಹುದು ಬಿಡಿ" ಎಂದರಂತೆ ಮಾರುವವರು. "ನೀವೇ ಮಾಡಿಸಿಕೊಡಿ, ಅಮೇಲೆ ಅಡ್ವಾನ್ಸ್ ಮಾತಾಡೋಣ, ಬೆಲೆಯನ್ನೂ ಎರಡೂವರೆಗೆ ಇಳಿಸಿ" ಎಂದು ಹೇಳಿ ಬಂದಿದ್ದಾನೆ. ಅವರು ಒಪ್ಪಿದರೆ ಅವನ ಕೈಯಲ್ಲಿ ರಿಪೇರಿಗೆ ಒಂದು ಲಕ್ಷ ಉಳಿಯುತ್ತದೆ. ಒಪ್ಪದಿದ್ದರೆ ಈ ಮಳೆಗಾಲವೂ ಬಾಡಿಗೆ ಜೀಪೇ ಗತಿ, ಆದರೆ ಮೂರೂವರೆ ಲಕ್ಷ ಹಾಗೇ ಇರುತ್ತದೆ.

ಆ ಫಾರ್ವರ್ಡ್ ನಿಮ್ಮ ಗ್ರೂಪಿಗೂ ಬಂದರೆ, ಕಳಿಸಿದವರನ್ನು ಒಂದೇ ಪ್ರಶ್ನೆ ಕೇಳಿ: "ನಿಮ್ಮ ಜೀಪಿಗೆ ಹೋದ ವರ್ಷ ಒಟ್ಟು ಎಷ್ಟಾಯ್ತು?" ನಿಜವಾಗಿ ಜೀಪು ಇಟ್ಟುಕೊಂಡವರ ಹತ್ತಿರ ಉತ್ತರ ಇರುತ್ತದೆ. ಅವರ ಸಲಹೆ ಕೇಳಿ. ಉತ್ತರ ಇಲ್ಲದವರ ಮೆಸೇಜನ್ನು ಮುಂದಕ್ಕೆ ಕಳಿಸಬೇಡಿ.